ಜಟಗನ ಮೂಲೆಯ ಹಸಿರು ಚುಕ್ಕಿ

ಉಮೇಶ: ಅಜ್ಜಿ, ನಾ ಎಲ್ಲಿ ನಿಲ್ಬೇಕು ಅನ್ನೂದು ನೀವು ಹೇಳೂದಲ್ಲ, ನಾ ಹೇಳೂದೂ ಅಲ್ಲ. ಮೊಬೈಲು ಹೇಳೂದು.

ಗಂಗೂ: ನಿಲ್ಲೂದು ಮೊಬೈಲಾ, ನೀನಾ?

ಉಮೇಶ: ನಿಲ್ಲೂದು ನಾನೇ. ಆದ್ರೆ ಹಸಿರು ಚುಕ್ಕಿ ಎಲ್ಲಿ ಬೀಳ್ತದೋ ಅಲ್ಲೇ ನಿಲ್ಬೇಕು. ಚುಕ್ಕಿ ಆ ಮೂಲೇಲಿ ಅದೆ.

ಗಂಗೂ: ಆ ಮೂಲೆ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ನಿಲ್ಲು, ತಮಾ. ಅದು ನಂದಲ್ಲ.

ಗಂಗೂ ಉಮೇಶನನ್ನು ಮೊದಲ ಸಲ ಕಂಡದ್ದು ಆ ದಿನವೇ, ಬೆಳಂಬಾರದ ಗಜನಿ ಕಟ್ಟೆಯ ಮೇಲೆ. ಗಜನಿ ಅಂದರೆ ಹೊಳೆಯ ಮಗ್ಗುಲಿನ ತಗ್ಗು ಗದ್ದೆ. ಮಳೆಗಾಲದಲ್ಲಿ ಅಲ್ಲಿ ಭತ್ತ, ಮಳೆ ಮುಗಿದ ಮೇಲೆ ಉಪ್ಪುನೀರು ಮತ್ತು ಮೀನು. ಭತ್ತ ಇರುವಷ್ಟು ದಿನ ಹೊಳೆಯನ್ನು ಹೊರಗೆ ನಿಲ್ಲಿಸಲು ಒಂದು ಮಣ್ಣಿನ ಕಟ್ಟೆ, ಕಟ್ಟೆಗೊಂದು ಹಲಗೆಯ ಬಾಗಿಲು. ಆ ಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. ಆ ಸಲ ಚೌತಿ ಕಳೆದ ಮೇಲಿನ ಹುಣ್ಣಿಮೆಯ ಭರತಿಗೆ, ಕಡಲ ಉಬ್ಬರಕ್ಕೆ, ಜಂತ್ರಡಿಯ ಹಲಗೆ ಒಡೆದು ಉಪ್ಪುನೀರು ಒಳಗೆ ಬಂದಿತ್ತು. ಗಂಗೂಳ ಗದ್ದೆಯ ಪೈರೆಲ್ಲ ಸುಟ್ಟ ಹಾಗೆ ಕೆಂಪಾಗಿ ಮಲಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಭತ್ತ ಎದೆಮಟ್ಟ ನಿಂತು, ತೆನೆ ತೂಗಿ, ಏನೂ ಆಗದವರ ಹಾಗೆ ಗಾಳಿಗೆ ಆಡುತ್ತಿತ್ತು.

ಬೆಳೆ ಹೋದವರಿಗೆ ಸರ್ಕಾರದಿಂದ ಪರಿಹಾರ ಬರುವುದಿತ್ತು. ಅದಕ್ಕೆ ಗದ್ದೆಯ ಫೋಟೋ ಆಗಬೇಕು. ಫೋಟೋ ಕಳಿಸಲು ಅಂದೇ ಕಡೆಯ ದಿನ. ಗಂಗೂಳ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆ ಗದ್ದೆಯ ಅಕ್ಕಿಯೇ ಅವಳ ವರ್ಷದ ಗಂಜಿ. ಪರಿಹಾರ ಬಂದರೆ ಜಂತ್ರಡಿಗೆ ಹೊಸ ಹಲಗೆ. ಬರದಿದ್ದರೆ ಮುಂದಿನ ಮಳೆಗಾಲಕ್ಕೂ ಉಪ್ಪುನೀರೇ ಗತಿ.

ಉಮೇಶ ಮೊಣಕಾಲು ಮಟ್ಟದ ರಬ್ಬರ್ ಬೂಟು ಹಾಕಿಕೊಂಡು, ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಬಂದಿದ್ದ. ಜಂತ್ರಡಿಯ ಬಾಯಲ್ಲಿ ಸಣ್ಣ ದೋಣಿ ಕಟ್ಟಿ ಬೀಸುಬಲೆಯ ಹರಿದ ಕಣ್ಣು ಕಟ್ಟುತ್ತ ಕೂತಿದ್ದ ಕುಪ್ಪ, ಅದೇ ಊರಿನ ಮೀನುಗಾರ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಗಂಗೂ: ನೀ ಯಾರು ಅಂತ ಹೇಳ್ದೆ?

ಉಮೇಶ: ಖಾಸಗಿ ನಿವಾಸಿ.

ಕುಪ್ಪ: ಹಂಗಾರೆ ನಾವು ಯಾರು? ಸರ್ಕಾರಿ ನಿವಾಸಿಗಳಾ?

ಉಮೇಶ: ಅದು ಕೆಲ್ಸದ ಹೆಸ್ರು ಮಾರಾಯ್ರೆ. ಬೆಳೆ ಸಮೀಕ್ಷೆಗೆ ಆಯಾ ಊರಿನವ್ರನ್ನೇ ಒಬ್ರನ್ನ ತಕಂತ್ರು. ಅವ್ರಿಗೆ ಖಾಸಗಿ ನಿವಾಸಿ ಅನ್ನೂದು.

ಗಂಗೂ: ನೀ ಕದ್ವಾಡದವ ಅಂದೆ.

ಉಮೇಶ: ನಿಮ್ಮೂರಿನ ನಿವಾಸಿ ಕೆಲ್ಸ ಬಿಟ್ಟ. ಅದ್ಕೆ ನಾ ಇಲ್ಲಿಗೆ ಪ್ರಭಾರಿ ನಿವಾಸಿ.

ಗಂಗೂ: ಪ್ರಭಾರಿ ನಿವಾಸಿ ಮಲ್ಗೂದು ಎಲ್ಲಿ?

ಉಮೇಶ: ಕದ್ವಾಡದಲ್ಲಿ.

ಗಂಗೂ ತಲೆಯಾಡಿಸಿದಳು. ಅವಳಿಗೆ ಅರ್ಥವಾಗಿರಲಿಲ್ಲ, ಆದರೆ ಉತ್ತರ ನೇರವಾಗಿತ್ತು. ನೇರ ಉತ್ತರ ಕೊಡುವವರ ಮೇಲೆ ಅವಳಿಗೆ ಮೊದಲಿಂದಲೂ ಒಂದು ಗೌರವ.

ಉಮೇಶ: ಈಗ ಹೇಳಿ. ಆ ಮೂಲೆ ನಿಮ್ದಲ್ದೇ ಹೋದ್ರೆ ಯಾರ್ದು?

ಗಂಗೂ: ಜಟಗಂದು.

ಉಮೇಶ: ಪಹಣಿಯಲ್ಲಿ ನಿಮ್ಮೊಬ್ರದೇ ಹೆಸ್ರು ಅದೆ.

ಗಂಗೂ: ಪಹಣಿ ಹುಟ್ಟೂಕಿಂತ ಮೊದ್ಲಿಂದ ಅವ ಇಲ್ಲಿದ್ದ.

ಉಮೇಶ: ಓ, ಅತಿಕ್ರಮಣ.

ಗಂಗೂ: ಅತಿಕ್ರಮಣ ಮಾಡ್ದವ್ರು ನಾವು. ಮೊದ್ಲು ಈ ಜಾಗ ಪೂರಾ ಅವಂದೇ ಇತ್ತಂತೆ.

ಉಮೇಶ: ಹಂಗಾರೆ ಗೇಣಿ ಲೆಕ್ಕ ಆಯ್ತು. ವರ್ಷಕ್ಕೆ ನಿಮ್ಗೆ ಎಂತಾ ಕೊಡ್ತ್ರು ಅವ್ರು?

ಗಂಗೂ: ಅವ ಕೊಡೂದಿಲ್ಲ. ತಕಂತ. ವರ್ಷಕ್ಕೊಂದು ಕೋಳಿ.

ಉಮೇಶ: ನಿಮ್ಮ ಗದ್ದೇಲಿ ಕೂತ್ಕಂಡು, ನಿಮ್ಮ ಕೈಯಿಂದ್ಲೇ ಕೋಳಿ ತಕಂತ್ರು?

ಗಂಗೂ: ಒಂದು ಕಾಯಿಯೂ. ಕಾಯಲ್ಲಿ ಅರ್ಧ ವಾಪಸ್ ಕೊಡ್ತ.

ಉಮೇಶನ ಮುಖ ಗಂಭೀರವಾಯಿತು. ಅವನು ಕಟ್ಟೆಯ ಆಚೆ ಈಚೆ ನೋಡಿ ದನಿ ತಗ್ಗಿಸಿದ.

ಉಮೇಶ: ಅಜ್ಜಿ, ನಂಗೆ ಗೊತ್ತಾಯ್ತು. ನೀವೊಬ್ರೇ ಇರೂದು ನೋಡಿ ಹೆದರಿಸ್ತಿದ್ರು. ಪೊಲೀಸ್ರಿಗೆ ಹೇಳ್ಲಿಲ್ವಾ?

ಗಂಗೂ: ಎಂತಕೆ? ಪೊಲೀಸ್ರೂ ಕೊಡ್ತ್ರು.

ಉಮೇಶ: ಪೊಲೀಸ್ರು ಅವ್ರಿಗೆ ಕೋಳಿ ಕೊಡ್ತ್ರು?

ಗಂಗೂ: ಎಲ್ರೂ ಅಲ್ಲ. ಹಿಂದಿನ ವರ್ಷ ಒಬ್ಬ ಹವಾಲ್ದಾರ ಬಂದು ಕೊಟ್ಟು ಹೋದ. ಮಗಳ ಮದುವೆ ಕೂಡಿ ಬಂದದ್ದಕ್ಕೆ.

ಉಮೇಶ: ಮದುವೆ ಕೂಡ್ಸೂದೂ ಅವ್ರೇಯಾ? ದೊಡ್ಡ ಮನ್ಷ ಇರ್ಬೇಕು. ಈಗ ಎಲ್ಲಿದ್ರು ಅವ್ರು?

ಗಂಗೂ: ನಿನ್ನ ಬೆನ್ನ ಹಿಂದೆ.

ಉಮೇಶ ಗಕ್ಕನೆ ತಿರುಗಿದ. ಗದ್ದೆಯ ಮೂಲೆಯಲ್ಲಿ, ತೂಗುವ ಭತ್ತದ ಆಚೆ, ಒಂದು ಸುರಹೊನ್ನೆ ಮರ. ಮರದ ಬುಡದಲ್ಲಿ ಕುಂಕುಮ ಬಳಿದ ಒಂದು ಕಲ್ಲು. ಕಲ್ಲಿನ ನೆತ್ತಿಯ ಮೇಲೆ ಬೆಳಗಿನ ದಾಸವಾಳ ಇನ್ನೂ ಬಾಡಿರಲಿಲ್ಲ.

ಕುಪ್ಪ: ಬೂಟು ಕಳಚಿ ನೋಡಿದ್ರೆ ಇನ್ನೂ ಸಮ ಕಾಣ್ಸೂದು.

ಉಮೇಶ: ದೇವ್ರು ಅಂತ ಮೊದ್ಲೇ ಹೇಳ್ಬಾರದಿತ್ತಾ ಅಜ್ಜಿ?

ಗಂಗೂ: ನೀ ಯಾರ್ದು ಅಂತ ಕೇಳ್ದೆ. ಯಾರ್ದು ಅಂತ ಹೇಳ್ದೆ.

ಉಮೇಶ: ನಮ್ಮ ಕದ್ವಾಡದ ಬದಿ ಇಂಥವ್ರಿಗೆ ಬೇರೆ ಹೆಸ್ರು ಅದೆ. ಅದ್ಕೆ ಗೊತ್ತಾಗ್ಲಿಲ್ಲ.

ಕುಪ್ಪ: ಹೆಸ್ರು ಬೇರೆ ಇರೂದು. ಸಿಟ್ಟು ಅದೇ.

ಉಮೇಶ ಮೊಬೈಲನ್ನು ಎತ್ತಿ ಹಿಡಿದು ಕಟ್ಟೆಯ ಉದ್ದಕ್ಕೂ ನಡೆದ. ಸತ್ತ ಪೈರಿನ ನಡುವೆ ನಿಂತ. ಅತ್ತ ಹೋದರೆ ಚುಕ್ಕಿ ಕೆಂಪು, ಇತ್ತ ಬಂದರೆ ಕೆಂಪು. ನೀವು ಜಮೀನಿನ ಗಡಿಯ ಹೊರಗಿದ್ದೀರಿ ಎಂದು ಮೊಬೈಲು ಹೇಳುತ್ತಲೇ ಇತ್ತು. ಜಟಗನ ಮೂಲೆಯ ಹತ್ತಿರ ಬಂದಾಗ ಮಾತ್ರ, ಆ ಮೂಲೆಯ ನಡುವೆ, ಚುಕ್ಕಿ ಹಸಿರಾಗಿ ತೋರಿತು.

ಕುಪ್ಪ: ಮೊಬೈಲಿಗೂ ಗೊತ್ತದೆ, ಯಜಮಾನ ಯಾರು ಅಂತ.

ಉಮೇಶ: ಇಲ್ಲಿ ನಿಂತು ತೆಗೆದ್ರೆ ಈ ಭತ್ತ ಬರೂದು. ಈ ಭತ್ತ ಬಂದ್ರೆ ಬೆಳೆ ಉತ್ತಮ ಅಂತ ಆಗೂದು. ಉತ್ತಮ ಬೆಳೆಗೆ ಪರಿಹಾರ ಇಲ್ಲ ಅಜ್ಜಿ.

ಗಂಗೂ: ಇದು ಉತ್ತಮವೇ. ಸತ್ತದ್ದು ನಂದು. ಸತ್ತದ್ದರ ಫೋಟೋ ತೆಗಿ.

ಉಮೇಶ: ಸತ್ತದ್ದರ ಹತ್ರ ಹೋದ್ರೆ ಮೊಬೈಲು ಬಾಯಿ ಬಿಡೂದಿಲ್ಲ. ಅಲ್ಲ, ಅದ್ಯಾಕೆ ಇದೊಂದು ಬದ್ಕಿತು? ನೀರು ಎಲ್ಲದಕ್ಕೂ ಒಂದೇ ಅಲ್ದಾ?

ಗಂಗೂ: ನೀರು ಒಂದೇ. ಬೀಜ ಬೇರೆ. ಉಳಿದ ಗದ್ದೆಗೆ ನಾ ಸಬ್ಸಿಡಿ ಬೀಜ ತಂದು ಹಾಕ್ದೆ. ತೆನೆ ದೊಡ್ಡದು ಬತ್ತದೆ ಅಂದ್ರು, ಆಸೆ ಆಯ್ತು. ಜಟಗಂಗೆ ಮಾತ್ರ ಹಳೇ ಕಗ್ಗ ಭತ್ತವೇ ಹಾಕ್ಬೇಕು. ಅವನ ಪಾಲಿಗೆ ಬೇರೆ ಬೀಜ ನಡೆಯೂದಿಲ್ಲ. ಕಗ್ಗ ಉಪ್ಪಿಗೆ ಸಾಯೂದಿಲ್ಲ.

ಕುಪ್ಪ: ಜಟಗಂಗೆ ಸಬ್ಸಿಡಿ ಇಲ್ಲ. ಅದ್ಕೆ ಬದ್ಕಿದ.

ಹೊಳೆಯ ಕಡೆಯಿಂದ ನೀರು ಏರುವ ಸದ್ದು ಸಣ್ಣಗೆ ಕೇಳತೊಡಗಿತ್ತು. ಭರತಿ ಬಂದರೆ ಮುರಿದ ಜಂತ್ರಡಿಯಿಂದ ನೀರು ನುಗ್ಗಿ ಸತ್ತ ಪೈರೂ ಮುಳುಗುತ್ತಿತ್ತು. ಆಮೇಲೆ ಫೋಟೋದಲ್ಲಿ ಕಾಣುವುದು ನೀರು ಮಾತ್ರ. ನೀರಿಗೆ ಪರಿಹಾರ ಯಾರೂ ಕೊಡುವುದಿಲ್ಲ.

ಉಮೇಶ: ಒಂದು ಕೆಲ್ಸ ಮಾಡಿ. ಈ ಮೂಲೇದನ್ನ ಈಗ್ಲೇ ಕೊಯ್ದುಬಿಡಿ. ಹೆಂಗೂ ತೆನೆ ಬಲ್ತದೆ. ಕೂಳೆ ಕಾಣ್ತದೆ, ಬೆಳೆ ಇಲ್ಲ ಅಂತ ಹಾಕ್ತೆ.

ಗಂಗೂ: ಅವಂದು ಕಡೆಗೆ ಕೊಯ್ಯೂದು. ಉಳಿದದ್ದೆಲ್ಲ ಕೊಯ್ದು ಆದ್ಮೇಲೆ.

ಉಮೇಶ: ಉಳಿದದ್ದು ಸತ್ತೇ ಹೋಯ್ತಲ್ಲ ಅಜ್ಜಿ. ಕೊಯ್ಯೂಕೆ ಎಂತಾ ಅದೆ?

ಗಂಗೂ: ಎಂತೂ ಇಲ್ದೇ ಹೋದ್ರೂ ಕತ್ತಿ ಹಿಡ್ಕಂಡು ಆ ತುದಿಯಿಂದ ಈ ತುದಿಗೆ ಬರ್ಬೇಕು. ಆಮೇಲೆ ಅವಂದು. ಅದು ಇವತ್ತಿಗೆ ಮುಗಿಯೂದಲ್ಲ.

ಉಮೇಶ: ಹಂಗಾರೆ ಇನ್ನೊಂದು. ನಾ ಚುಕ್ಕಿ ಮೇಲೆ ನಿಂತ್ಕಂತೆ. ನಿಂತು ಆ ಬದಿ ತಿರುಗ್ತೆ. ಕಾಲು ಇಲ್ಲಿ, ಕ್ಯಾಮೆರಾ ಅಲ್ಲಿ. ಸತ್ತದ್ದು ಬರೂದು.

ಗಂಗೂ: ಬೂಟು ಕಳಚ್ತ್ಯಾ?

ಉಮೇಶ: ಕಳಚ್ತೆ.

ಗಂಗೂ: ಹೂ ಇಡೂಕೆ ಹೋಗುವ ದಾರಿ ಅದೆ, ಅದ್ರಲ್ಲೇ ಹೋಗು. ಪೈರು ಮೆಟ್ಬೇಡ.

ಉಮೇಶ: ಮೆಟ್ಟೂದಿಲ್ಲ.

ಗಂಗೂ: ಅಡ್ಡಿಲ್ಲ. ಆದ್ರೆ ಅವಂಗೆ ಬೆನ್ನು ಹಾಕೂಕೆ ಆಗ.

ಉಮೇಶ: ಇಷ್ಟೊತ್ತು ಬೆನ್ನು ಹಾಕ್ಕಂಡೇ ನಿಂತಿದ್ನಲ್ಲ.

ಗಂಗೂ: ಅದು ಕಟ್ಟೆ. ಕಟ್ಟೆ ಊರಿಂದು. ಅವನ ಜಾಗದ ಒಳ್ಗೆ ಹೋದ್ಮೇಲೆ ಮುಖ ಅವನ ಕಡೆಗೇ ಇರ್ಬೇಕು. ಹೊರ್ಗೆ ಬರೂವಾಗ್ಲೂ ಹಿಂದೆ ಹಿಂದೇನೇ ಬರೂದು.

ಉಮೇಶ: ಅವ್ರ ಕಡೆ ಮುಖ ಮಾಡಿದ್ರೆ ಅವ್ರ ಭತ್ತ ಬರೂದು. ನಿಮ್ಮ ಭತ್ತ ಬೇಕಾದ್ರೆ ಅವ್ರಿಗೆ ಬೆನ್ನು ಹಾಕ್ಬೇಕು. ಎರಡ್ರಲ್ಲಿ ಒಂದು ಹೇಳಿ. ಪರಿಹಾರ ಬೇಕಾ, ಬ್ಯಾಡ್ವಾ?

ಗಂಗೂ: ಪರಿಹಾರ ಬೇಕು. ಬೆನ್ನು ಹಾಕೂದು ಬ್ಯಾಡ.

ಹೀಗೆ ಹೇಳಿ ಅವಳು ಸೆರಗು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಳು. ಅವಳಿಗೆ ಆತುರವಿರಲಿಲ್ಲ. ಆತುರವಿದ್ದದ್ದು ಭರತಿಗೆ ಮತ್ತು ಉಮೇಶನಿಗೆ. ಕುಪ್ಪ ಬಲೆ ಕೆಳಗಿಟ್ಟ.

ಕುಪ್ಪ: ನಾ ಬೀಸುಬಲೆ ಹಾಕೂದು ಕಂಡ್ಯಾ?

ಉಮೇಶ: ಬಲೆಗೂ ಇದಕ್ಕೂ ಎಂತಾ ಸಂಬಂಧ?

ಕುಪ್ಪ: ಬಲೆಯ ಒಂದು ಸೆರಗು ಹೆಗಲ ಮೇಲಿಂದ ಬೆನ್ನಿಗೆ ಹಾಕ್ಕಂತೆ. ಮುಖ ನೀರಿಗೆ, ಬಲೆ ಬೆನ್ನಿಗೆ. ನಿನ್ನ ಮೊಬೈಲನ್ನ ಹಂಗೇ ಹೆಗಲ ಮೇಲಿಂದ ಹಿಂದೆ ಹಿಡಿ. ಮುಖ ಜಟಗಂಗೆ. ಫೋಟೋ ಗಂಗಕ್ಕಂಗೆ.

ಉಮೇಶ ಗಂಗೂಳ ಮುಖ ನೋಡಿದ. ಗಂಗೂ ಕಲ್ಲಿನ ಕಡೆ ನೋಡಿ, ಆಗಬಹುದು ಎಂಬಂತೆ ಗೋಣು ಹಾಕಿದಳು.

ಉಮೇಶ ಬೂಟು ಕಳಚಿ ಕಟ್ಟೆಯ ಮೇಲಿಟ್ಟ. ಕೆಸರಲ್ಲಿ ಬರಿಗಾಲಿಡುತ್ತ ಹೋಗಿ ಹಸಿರು ಚುಕ್ಕಿಯ ಮೇಲೆ ನಿಂತ. ಒಂದು ಕೈ ಎದೆಯ ಮೇಲೆ ನಮಸ್ಕಾರದ ಅರ್ಧದಷ್ಟಿತ್ತು, ಇನ್ನೊಂದು ಕೈ ಹೆಗಲ ಮೇಲಿಂದ ಹಿಂದಕ್ಕೆ ಹೋಗಿತ್ತು. ಅಂದಾಜಿನ ಮೇಲೆ ಒಂದು ಫೋಟೋ ಹೊಡೆದು, ಮೊಬೈಲನ್ನು ಮುಂದೆ ತಂದು ನೋಡಿದ.

ಉಮೇಶ: ಕಿವಿ ಬಂದದೆ.

ಗಂಗೂ: ಯಾರ್ದು?

ಉಮೇಶ: ನಂದು.

ಕುಪ್ಪ: ಸ್ವಲ್ಪ ಮೇಲೆ ಹಿಡಿ. ಇನ್ನೂ ಮೇಲೆ. ಹಾಂ, ಹೊಡಿ.

ಉಮೇಶ: ಈಗ ನೀವು ಬಂದ್ರಿ. ದೋಣಿ ಸಮೇತ.

ಕುಪ್ಪ: ಅದನ್ನೇ ಕಳ್ಸು. ಮೀನಿಗೂ ಎಂತಾದ್ರೂ ಬಂದ್ರೆ ಬರ್ಲಿ.

ಮೂರನೆಯ ಸಲ ಸತ್ತ ಗದ್ದೆ ಬಂತು, ಕೆಂಪಗೆ, ಅಂಚಿನಿಂದ ಅಂಚಿಗೆ. ಉಮೇಶ ಉಸಿರು ಬಿಟ್ಟು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಕಟ್ಟೆಗೆ ಬಂದ. ಬರುವಾಗ ಒಮ್ಮೆ ಕೆಸರಲ್ಲಿ ಕೂತ. ಕೂತಾಗಲೂ ಅವನ ಮುಖ ಸರಿಯಾದ ಕಡೆಗೇ ಇದ್ದದ್ದನ್ನು ಗಂಗೂ ಗಮನಿಸಿದಳು.

ಉಮೇಶ: ಪೂರಾ ಜಮೀನು ನಷ್ಟ ಅಂತ ಹಾಕ್ತೆ.

ಗಂಗೂ: ಪೂರಾ ಅಲ್ಲ. ಆ ಮೂಲೆ ಬಿಟ್ಟು.

ಉಮೇಶ: ಅಜ್ಜಿ, ಆ ಮೂಲೆ ಎಷ್ಟು ದೊಡ್ಡದದೆ? ಒಂದು ಅಂಗಳದಷ್ಟು. ಯಾರೂ ಕೇಳೂದಿಲ್ಲ.

ಗಂಗೂ: ಕೇಳುವವ ಅಲ್ಲೇ ಕೂತಿದ್ದ.

ಉಮೇಶ: ಬಿಟ್ರೆ ಮೊಬೈಲು ಮುಂದೆ ಹೋಗೂದಿಲ್ಲ. ಜಮೀನು ಪೂರಾ ತುಂಬ್ಸಲೇಬೇಕು. ಆ ಮೂಲೇಲಿ ಎಂತಾ ಅದೆ ಅಂತ ಕೇಳ್ತದೆ.

ಗಂಗೂ: ಭತ್ತ ಅದೆ ಅಂತ ಹೇಳು.

ಉಮೇಶ: ಸ್ಥಿತಿ?

ಗಂಗೂ: ಕಾಣ್ತದಲ್ಲ.

ಉಮೇಶ: ಉತ್ತಮ. ಸಾಗುವಳಿ ಮಾಡ್ದವ್ರು?

ಗಂಗೂ: ಬೀಜ ಬಿಟ್ಟದ್ದು ನಾನು. ಉಳ್ಸಿದ್ದು ಅವ. ನನ್ನ ಹೆಸ್ರು ಹಾಕ್ಬೇಡ. ನಾ ಉಳ್ಸಿದ್ರೆ ಎಲ್ಲವೂ ಉಳೀತಿತ್ತು.

ನೀರು ಜಂತ್ರಡಿಯ ಒಳಗೆ ಬರತೊಡಗಿತ್ತು. ಸಾಗುವಳಿ ಮಾಡಿದವರು ಎಂಬಲ್ಲಿ ಉಮೇಶ ಜಟಗ ಎಂದು ಬರೆದ. ಊರು ಬೆಳಂಬಾರ. ಮೊಬೈಲ್ ನಂಬರ್ ಎಂಬಲ್ಲಿ ತನ್ನದೇ ನಂಬರು ಹಾಕಿದ. ಆ ಮೂಲೆಯದೂ ಒಂದು ಫೋಟೋ ಬೇಕೆಂದಿತು ಮೊಬೈಲು. ಅದನ್ನು ಮಾತ್ರ ಮತ್ತೆ ಚುಕ್ಕಿಯ ಮೇಲೆ ಹೋಗಿ ನೆಟ್ಟಗೆ ನಿಂತು, ಮುಂದೆ ನೋಡಿಯೇ ತೆಗೆದ. ಬಹಳ ಚೆನ್ನಾಗಿ ಬಂತು.

ದೀಪಾವಳಿ ಕಳೆದು, ತುಳಸಿ ಹಬ್ಬವೂ ಕಳೆದ ಮೇಲೆ ಗಂಗೂಳ ಖಾತೆಗೆ ಪರಿಹಾರ ಬಂತು. ಅವಳು ಅದನ್ನು ಮರದ ಮಿಲ್ಲಿನವರಿಗೆ ಕೊಟ್ಟು ಜಂತ್ರಡಿಗೆ ಹೊಸ ಹಲಗೆ ಹಾಕಿಸಿದಳು. ಕುಪ್ಪ ಇಳಿತ ನೋಡಿ ಹಲಗೆ ಕೂರಿಸಿಕೊಟ್ಟ. ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವಳು ತಿಳಿದಿದ್ದಳು. ಆದರೆ ಒಂದು ಬೆಳಿಗ್ಗೆ, ಅವಳು ಕಟ್ಟೆಯ ಮೇಲೂ ಕುಪ್ಪ ತನ್ನ ದೋಣಿಯಲ್ಲೂ ಇದ್ದಾಗ, ಉಮೇಶ ಮತ್ತೆ ಬಂದ. ಈ ಸಲ ಕಟ್ಟೆ ಹತ್ತುವ ಮೊದಲೇ ಬೂಟು ಕಳಚಿ ಕೈಯಲ್ಲಿ ಹಿಡಿದಿದ್ದ.

ಉಮೇಶ: ಅಜ್ಜಿ, ಜಟಗ ಆಯ್ಕೆ ಆಗಿದ್ರು.

ಗಂಗೂ: ಎಂತಕೆ?

ಉಮೇಶ: ತಾಲೂಕಿನ ಪ್ರಗತಿಪರ ರೈತ ಅಂತ. ಸುತ್ತಮುತ್ತ ಎಲ್ಲ ಸತ್ರೂ ಉಪ್ಪುನೀರಲ್ಲಿ ಭತ್ತ ಉಳ್ಸಿದ್ರಲ್ಲ, ಆ ಫೋಟೋ ಸಾಹೇಬ್ರು ಕಂಡ್ರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ. ಮೆಸೇಜು ನನ್ನ ಮೊಬೈಲಿಗೇ ಬಂತು. ಅಭಿನಂದನೆಗಳು ಜಟಗ ಅವರೇ ಅಂತ.

ಗಂಗೂ: ಒಳ್ಳೇದಾಯ್ತು. ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ.

ಉಮೇಶ: ಒಳ್ಳೇದೆಂತಾ ಅಜ್ಜಿ? ಅಂಥ ರೈತ ಇಲ್ಲ ಅಂತ ನಾ ಬರ್ದುಕೊಟ್ರೆ, ಆ ಮೂಲೇದು ಸುಳ್ಳಾದ್ರೆ ನಿಮ್ಮ ನಷ್ಟವೂ ಸುಳ್ಳು ಅಂತ್ರು. ನಿಮ್ಮ ಪರಿಹಾರ ವಾಪಸ್ ಕೇಳ್ತ್ರು. ನನ್ನ ಕೆಲ್ಸವೂ ಹೋಗ್ತದೆ.

ಗಂಗೂ: ದುಡ್ಡು ಹಲಗೆ ಆಯ್ತು. ವಾಪಸ್ ಬೇಕಾದ್ರೆ ಕಿತ್ಕಂಡು ಹೋಗೂಕೆ ಹೇಳು. ಭರತಿ ಇಲ್ದಾಗ ಬರೂಕೆ ಹೇಳು.

ಕುಪ್ಪ: ಮತ್ತೆ, ಇಲ್ಲ ಅಂತ ನೀ ಎಲ್ಲಿ ನಿಂತು ಬರ್ದುಕೊಡ್ತಿ? ಇಲ್ಲಿ ನಿಂತು ಬರೀ ನೋಡುವ.

ಉಮೇಶ ಸುರಹೊನ್ನೆ ಮರದ ಕಡೆ ನೋಡಿದ. ಬರೆಯುವ ಆಲೋಚನೆ ಅವನಿಗೆ ಮೊದಲೂ ಹೆಚ್ಚಿರಲಿಲ್ಲ.

ಉಮೇಶ: ನಾ ಇಲ್ಲ ಅಂತ ಹೇಳ್ಲೇ ಇಲ್ಲ. ಸಭೆಗೆ ಬರೂಕೆ ಆಗೂದಿಲ್ಲ ಅಂತ ಮಾತ್ರ ಹೇಳ್ದೆ. ಬಹಳ ವಯಸ್ಸಾಯ್ತು ಅಂದೆ.

ಗಂಗೂ: ಸುಳ್ಳಲ್ಲ.

ಉಮೇಶ: ನಡೆಯೂಕೆ ಆಗೂದಿಲ್ಲ, ಇದ್ದಲ್ಲೇ ಇರೂದು ಅಂದೆ.

ಗಂಗೂ: ಅದೂ ಸುಳ್ಳಲ್ಲ.

ಉಮೇಶ: ಯಾರ ಹತ್ರವೂ ಮಾತಾಡೂದಿಲ್ಲ ಅಂದೆ.

ಗಂಗೂ: ಅದು ಪೂರಾ ಸಮ ಇಲ್ಲ. ವರ್ಷಕ್ಕೊಂದ್ಸಲ ಪೂಜೆ ಮಾಡುವ ಗುನಗನ ಮೈಮೇಲೆ ಬಂದು ಮಾತಾಡ್ತ. ತಿದ್ದಿ ಹೇಳು.

ಉಮೇಶ: ತಿದ್ದೂಕೆ ಹೊತ್ತಿಲ್ಲ. ಅಂಥ ಹಿರಿಯರಿಗೆ ನಾವೇ ಹೋಗಿ ಶಾಲು ಹೊದಿಸುವ, ನಾಳೆ ಬೆಳಿಗ್ಗೆ ಗದ್ದೆಗೇ ಬತ್ತೆ ಅಂದ್ರು ಸಾಹೇಬ್ರು. ಬಂದು ಕಲ್ಲು ಕಂಡ್ರೆ ಎಂತಾ ಮಾಡೂದು?

ಕುಪ್ಪ: ಯಾವೂರಿನವ್ರು ಅವ್ರು?

ಉಮೇಶ: ಇಲ್ಲೇ, ಕುಮಟೆ ಬದಿಯವ್ರು.

ಕುಪ್ಪ: ಹಂಗಾರೆ ಕಲ್ಲು ಕಂಡ ಕೂಡ್ಲೇ ಬೂಟು ಕಳಚ್ತ್ರು. ಬೂಟು ಕಳಚಿದ ಸಾಹೇಬ ಆಮೇಲೆ ಹೋಗಿ ಇಲ್ಲ ಅಂತ ಸಹಿ ಹಾಕೂದಿಲ್ಲ.

ಗಂಗೂ: ಬರ್ಲಿ. ಶಾಲು ಹೊದಿಸ್ಲಿ, ಹಾರ ಹಾಕ್ಲಿ. ಹಣ್ಣು ಇಟ್ಟು ಕೈ ಮುಗಿದ್ರೆ ಅರ್ಧ ವಾಪಸ್ ಸಿಗ್ತದೆ. ಒಂದು ಕೋಳಿ ತಂದ್ರೂ ಅಡ್ಡಿಲ್ಲ ಅಂತ ಹೇಳು. ಒಳ್ಗೆ ಹೋಗುವ ದಾರಿ ನೀನೇ ತೋರ್ಸು. ಮುಖ ಅವನ ಕಡೆಗೇ ಇರ್ಬೇಕು ಅನ್ನೂದು ಮರೀಬೇಡ.

ಉಮೇಶ ಬೂಟು ಹಿಡಿದುಕೊಂಡೇ ನಾಲ್ಕು ಹೆಜ್ಜೆ ಹೋದ. ಹೋದವನು ನಿಂತ. ಏನನ್ನೋ ನೆನೆಸಿಕೊಂಡು ನಿಧಾನವಾಗಿ ಹಿಂತಿರುಗಿ ಬಂದ. ಮರುದಿನದ ಗದ್ದಲದಲ್ಲಿ ಮಾತಿಗೆ ಬಿಡುವಾಗದೆ, ಮುಂದಿನ ತಿಂಗಳಿಂದ ಆ ಊರಿಗೆ ಬೇರೆ ನಿವಾಸಿ ಬಂದದ್ದರಿಂದ, ಅವನು ಗಂಗೂಳನ್ನು ಕೇಳಿದ ಕಡೆಯ ಮಾತು ಇದೇ ಆಯಿತು.

ಉಮೇಶ: ಅಜ್ಜಿ, ಪೇಪರಿನವ್ರೂ ಬತ್ತ್ರು, ಕಟ್ಟೆ ಮೇಲಿಂದ ಫೋಟೋ ತೆಗೀತ್ರು. ಪೇಪರಿನಲ್ಲಿ ಸಾಹೇಬ್ರ ಬೆನ್ನು ಮಾತ್ರ ಬಂದ್ರೆ, ಅವ್ರ ಮನೆಯವ್ರಾದ್ರೂ ಗುರ್ತು ಹಿಡೀತ್ರಾ?